ತೂಕದ ಗೆರೆ ಏನು ಹೇಳುತ್ತದೆ?

ಜಯಮಂಗಲಿಯು ಪೆನ್ನೆಯನ್ನು ಕೂಡುವ ಪರಿಗಿ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳಿಗೂ ಸರ್ಕಾರಿ ಕಾಗದಪತ್ರಗಳು ತೆಲುಗಿನಲ್ಲಿಯೇ ಬರುತ್ತವೆ. ತಾಯಿ-ಮಗುವಿನ ರಕ್ಷಣಾ ಕಾರ್ಡು ಅಂತಹವುಗಳಲ್ಲೊಂದು. ಲಸಿಕೆಯ ದಿನ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು, ಗುರುತು ಹಾಕಿಸಿ, ಮರಳಿ ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಒಳಪುಟದ ಬೆಳವಣಿಗೆಯ ನಕ್ಷೆಯನ್ನು ಬಿಡಿಸಿ ನೋಡುವವರು ವಿರಳ. ವಾಸ್ತವದಲ್ಲಿ ಆ ನಕ್ಷೆಗೆ ಯಾವ ಲಿಪಿಯ ಹಂಗೂ ಇಲ್ಲ.

ಅಡ್ಡಸಾಲಿನಲ್ಲಿ ಮಗುವಿನ ವಯಸ್ಸು, ಲಂಬಸಾಲಿನಲ್ಲಿ ತೂಕ. ಹಸಿರು ಪಟ್ಟಿಯಲ್ಲಿರುವ ಚುಕ್ಕೆ ಕ್ಷೇಮದ ಗುರುತು, ಹಳದಿ ಎಚ್ಚರಿಕೆ, ಅದರ ಕೆಳಗಿನ ಕಿತ್ತಳೆ ತೀವ್ರ ಕೊರತೆ. ಆದರೆ ಬಣ್ಣಕ್ಕಿಂತಲೂ ಮುಖ್ಯವಾದುದು ಚುಕ್ಕೆಗಳನ್ನು ಜೋಡಿಸುವ ಗೆರೆಯ ದಿಕ್ಕು. ಹಸಿರಿನಲ್ಲಿಯೇ ಇದ್ದರೂ ಗೆರೆಯು ಎರಡು ಮೂರು ತಿಂಗಳು ಮೇಲೇರದೆ ಮಲಗಿದರೆ, ಕೊರತೆ ಆರಂಭವಾಗಿರಬಹುದೆಂದು ತಿಳಿಯಬೇಕು. ‘ಮಗು ಆಡಿಕೊಂಡಿದೆಯಲ್ಲ’ ಎಂಬ ಸಮಾಧಾನ ಇಂತಹ ಸಂದರ್ಭದಲ್ಲಿ ಸಲ್ಲದು.

ಇದು ಎಲ್ಲೋ ದೂರದವರ ಸಮಸ್ಯೆಯಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಆಂಧ್ರಪ್ರದೇಶದಲ್ಲಿ ಶೇ. 31.2, ಕರ್ನಾಟಕದಲ್ಲಿ ಶೇ. 35.4. ಗಡಿಯ ಎರಡೂ ಕಡೆ ಹೆಮ್ಮೆಪಡುವಂತಹದೇನೂ ಇಲ್ಲ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವಂತಹ ಬಾವು ಇದ್ದರೆ, ಅದು ತೀವ್ರ ಅಪೌಷ್ಟಿಕತೆ. ಅಂತಹ ಮಗುವಿಗೆ ಹಸಿವಿಲ್ಲದಿದ್ದರೆ, ಜ್ವರ ಅಥವಾ ಭೇದಿ ಇದ್ದರೆ, ವಿಳಂಬವಿಲ್ಲದೆ ವೈದ್ಯಾಧಿಕಾರಿಯ ಬಳಿಗೆ ಒಯ್ಯಬೇಕು. ಅಲ್ಲಿಂದ ಮುಂದೆ ಪೌಷ್ಟಿಕ ಪುನಶ್ಚೇತನ ಕೇಂದ್ರವಿದೆ. ಬಾವನ್ನು ‘ಮೈತುಂಬಿಕೊಂಡಿದೆ’ ಎಂದು ಭ್ರಮಿಸುವುದು ಅತ್ಯಂತ ಅಪಾಯಕರ.

ಆಹಾರದ ವಿಷಯದಲ್ಲಿ ಈ ಸೀಮೆ ಬಡವಲ್ಲ. ರಾಗಿಯೂ ಕಡಲೆಕಾಯಿಯೂ ಇಲ್ಲಿಯ ಹೊಲದ ಬೆಳೆಗಳೇ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕ ಸುಣ್ಣದ ಅಂಶವಿದೆ. ತಪ್ಪಾಗುವುದು ನೀರಿನಲ್ಲಿ: ತೆಳ್ಳಗೆ ಕಾಯಿಸಿದ ಗಂಜಿ ಪುಟ್ಟ ಹೊಟ್ಟೆಯನ್ನು ತುಂಬುತ್ತದೆ, ಮಗುವನ್ನು ಪೋಷಿಸುವುದಿಲ್ಲ. ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಾದರೆ ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಅಷ್ಟೇ ತುತ್ತಿನಲ್ಲಿ ಹೆಚ್ಚು ಶಕ್ತಿ ದೊರೆಯುತ್ತದೆ. ಅಜ್ಜಿಯರು ಇದನ್ನು ಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನೊಡನೆ ಇಂತಹ ಸರಿ, ಅದಕ್ಕೊಂದು ಚಮಚೆ ಎಣ್ಣೆ ಅಥವಾ ತುಪ್ಪ, ಬರಬರುತ್ತ ನುಣ್ಣಗೆ ಮಸೆದ ಬೇಳೆ, ಸೊಪ್ಪು, ಮೊಟ್ಟೆ ಸೇರಬೇಕು.

ಅಂಗನವಾಡಿಯ ಆಹಾರವು ಯಾರೂ ದಯೆಯಿಂದ ಕೊಡುವ ದಾನವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 5ನೆಯ ಕಲಮು ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಉಚಿತ ಆಹಾರದ ಹಕ್ಕನ್ನು ನೀಡಿದೆ. ಅಪೌಷ್ಟಿಕ ಮಕ್ಕಳನ್ನು ಗುರುತಿಸಿ ಆಹಾರ ಒದಗಿಸುವ ಹೊಣೆಯನ್ನು 6ನೆಯ ಕಲಮು ರಾಜ್ಯ ಸರ್ಕಾರದ ಮೇಲೆ ಹೊರಿಸಿದೆ. ಸಲ್ಲಬೇಕಾದುದು ಸಲ್ಲದಿದ್ದರೆ 8ನೆಯ ಕಲಮಿನಂತೆ ಆಹಾರ ಭದ್ರತಾ ಭತ್ಯೆ ಕೇಳಬಹುದು; 15ನೆಯ ಕಲಮಿನಂತೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಸಲ್ಲಿಸಬಹುದು.

ದೂರು ಬರೆಯಲು ತೆಲುಗು ಬಾರದೆಂಬ ಸಂಕೋಚವೂ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿಯೇ ಬರೆದು, ಕಾರ್ಡಿನ ತೂಕದ ಪುಟದ ನಕಲನ್ನು ಲಗತ್ತಿಸಿ, ತಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ದಿನಾಂಕಸಹಿತ ಕಚೇರಿಯ ಮೊಹರನ್ನು ಹಾಕಿಸಿಕೊಳ್ಳತಕ್ಕದ್ದು.