ಬಂಬಿನ ಉಪಚಾರ

ಗೋವಿನಜೋಳದ ರಾಶಿ ಮುಗಿದು, ಕಾಳು ಬಿಡಿಸಿದ ಬೆಂಡುಗಳು ಹಿತ್ತಿಲಲ್ಲಿ ಗುಡ್ಡೆಯಾಗಿ, ಮಾರ್ಗಶಿರದ ಥಂಡಿಗಾಳಿಯು ಹಾನಗಲ್ಲಿನ ಗದ್ದೆಬಯಲಿನಿಂದ ಸವಣೂರಿನ ಎಲೆದೋಟಗಳವರೆಗೆ ಬೀಸತೊಡಗುವ ಹೊತ್ತಿಗೆ, ಈ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲ ಮೂಲೆಯ ಬಂಬು ಅಂಗಳಕ್ಕೆ ಬಂದು ಅಡ್ಡ ಮಲಗುವುದುಂಟು. ಮನೆಯ ಹಿರಿಯರೊಬ್ಬರು ಅದರ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನಾದವನ್ನು ಆಲಿಸುತ್ತಾರೆ, ಬುಡದ ಜಾಳಿಗೆಯನ್ನು ಕಳಚಿ ಬೆಳಕಿಗೆ ಹಿಡಿಯುತ್ತಾರೆ, ನಲ್ಲಿಯನ್ನು ತಿರುವುತ್ತಾರೆ. ಚಳಿಗಾಲದ ಮೂರು ತಿಂಗಳು ಮನೆಮಂದಿಯ ಸ್ನಾನವು ಸುಸೂತ್ರವಾಗಿ ಸಾಗುವುದೋ ಇಲ್ಲವೋ ಎಂಬುದು ಈ ಒಂದು ಮುಂಜಾನೆಯ ಪರೀಕ್ಷೆಯನ್ನು ಅವಲಂಬಿಸಿರುತ್ತದೆ.

ಬಂಬನ್ನು ಕಾಣದ ಓದುಗರಿಗಾಗಿ ಅದರ ರಚನೆಯನ್ನು ಕಿಂಚಿತ್ ವಿವರಿಸುವುದು ಉಚಿತ. ತಾಮ್ರದ ತಗಡಿನಿಂದ ಮಾಡಿದ, ಸೊಂಟದೆತ್ತರದ, ಕಂಬದಾಕಾರದ ಪಾತ್ರೆಯಿದು. ಹಂಡೆಯಲ್ಲಿ ಉರಿಯು ಹೊರಗಿದ್ದು ನೀರು ಒಳಗಿರುತ್ತದೆ. ಬಂಬಿನಲ್ಲಾದರೋ ಉರಿಯು ನೀರಿನ ಗರ್ಭದಲ್ಲಿಯೇ ಇರುತ್ತದೆ. ಪಾತ್ರೆಯ ನಡುವೆ ಮೇಲಿನಿಂದ ಕೆಳಗೆ ಹಾಯ್ದ ಒಂದು ಕೊಳವೆ, ಕೊಳವೆಯ ಬುಡದಲ್ಲಿ ಕಬ್ಬಿಣದ ಜಾಳಿಗೆ, ಅದರಡಿ ಬೂದಿಗೆ ಎಡೆ. ಮೇಲಿನ ಬಾಯಿಯಿಂದ ಬೆಂಡು, ಕುಳ್ಳಿನ ಚೂರು, ಕಟ್ಟಿಗೆಯ ಚಕ್ಕೆ, ತೆಂಗಿನ ಚಿಪ್ಪು ಮುಂತಾದುವನ್ನು ಒಂದೊಂದಾಗಿ ಬಿಡಬೇಕು. ಅವು ತಮ್ಮ ಭಾರದಿಂದಲೇ ಕೆಂಡದ ಮೇಲೆ ಇಳಿಯುತ್ತವೆ. ಕೊಳವೆಯೇ ಹೊಗೆಯ ದಾರಿಯೂ ಆದುದರಿಂದ, ಬಿಸಿಯು ಮೇಲೇರುವಾಗ ಸುತ್ತಣ ನೀರಿಗೆ ತನ್ನ ಶಾಖವನ್ನು ಒಪ್ಪಿಸಿಯೇ ಹೋಗಬೇಕು. ಆಲಿಕೆಯಂತಹ ಬಾಯಿಯಿಂದ ಒಂದು ಚರಿಗೆ ತಣ್ಣೀರು ಹೊಯ್ದರೆ ಅದು ಬೇರೊಂದು ಕೊಳವೆಯ ಮೂಲಕ ತಳಕ್ಕೆ ಇಳಿದು, ಮೇಲಿರುವ ಬಿಸಿನೀರನ್ನು ಅಷ್ಟೇ ಪ್ರಮಾಣದಲ್ಲಿ ಹೊರದೂಡುವ ಬಂಬುಗಳೂ ಉಂಟು. ಇಂಥವುಗಳಲ್ಲಿ ನೀರು ಎಂದೂ ಬರಿದಾಗುವುದಿಲ್ಲ. ಈ ಏರ್ಪಾಟನ್ನು ಮೊದಲು ಯೋಚಿಸಿದ ಅಜ್ಞಾತ ಶಿಲ್ಪಿಗೆ ಒಂದು ನಮಸ್ಕಾರ ಸಲ್ಲತಕ್ಕದ್ದು.

ನೀರು ಬರಿದಾಗಬಾರದೆಂಬುದು ಬಂಬಿನ ಧರ್ಮದ ಮೊದಲನೆಯ ಸೂತ್ರ. ನಲ್ಲಿಯ ಸುತ್ತ ಹಚ್ಚಿರುವ ತವರ-ಸೀಸದ ಬೆಸುಗೆಯು ಸುಮಾರು 183 ಡಿಗ್ರಿ ಶಾಖಕ್ಕೇ ಕರಗಲು ತೊಡಗುತ್ತದೆ. ಒಳಗೆ ನೀರಿರುವವರೆಗೆ ತಗಡಿನ ಬಿಸಿ ನೂರರ ಆಸುಪಾಸಿನಲ್ಲಿ ನಿಲ್ಲುವುದರಿಂದ ಬೆಸುಗೆಗೆ ಭಯವಿಲ್ಲ. ಅರೆನಿದ್ರೆಯಲ್ಲಿ ಎದ್ದವರು ನೀರು ನೋಡದೆ ಉರಿ ಹಾಕಿದರೆಂದರೆ, ಅರ್ಧ ತಾಸಿನೊಳಗೆ ನಲ್ಲಿಯು ಓರೆಯಾಗುತ್ತದೆ. ತಗಡಿನ ಕೆಲಸದವನು ಪಾತ್ರೆಯನ್ನು ಕಂಡೊಡನೆಯೇ, “ನೀರ ಇಲ್ದ ಉರಿ ಹಚ್ಚಿದ್ರೇನ್ರಿ ಯಕ್ಕಾ?” ಎಂದು ಕೇಳುವುದು ಇದರಿಂದಲೇ, ಉತ್ತರಕ್ಕಾಗಿ ಅವನು ಕಾಯುವುದೂ ಇಲ್ಲ. ಹಳೆಯ ಬೆಸುಗೆಯನ್ನು ಕೆರೆದು, ತಾಮ್ರವು ನಸುಗೆಂಪಾಗಿ ಹೊಳೆಯುವವರೆಗೆ ಅರದಿಂದ ಉಜ್ಜಿ, ಕಾದ ಬೆಸುಗೆಕೋಲನ್ನು ನವಸಾಗರದ ಮೇಲೆ ತಿಕ್ಕಿ ಶುದ್ಧಿಗೊಳಿಸಿ, ತವರದ ಒಂದು ಹನಿಯನ್ನು ಸಂದಿನ ಸುತ್ತ ಓಡಿಸುವನು. ಕೆಲಸ ನಡೆಯುವುದು ಕ್ಷಣಮಾತ್ರ, ಉಜ್ಜಾಟ ಬಹಳ ಹೊತ್ತು. ಜಿಡ್ಡಿದ್ದೆಡೆ ತವರವು ಹಿಡಿಯದೆ ಮುತ್ತಿನಂತೆ ಉರುಳಿಹೋಗುತ್ತದೆ.

ಎರಡನೆಯ ಉಪದ್ರವ ನೀರಿನದು. ಕೆರೆ, ಬಾವಿಗಳ ನೀರು ಕಾಯಿಸುತ್ತಿದ್ದ ಕಾಲಕ್ಕಿಂತ, ಕೊಳವೆಬಾವಿಯ ಗಡಸು ನೀರು ಬಂದಮೇಲೆ ಬಂಬಿನ ಒಳಗೊಳವೆಗೆ ಸುಣ್ಣದ ಪದರ ಕಟ್ಟುವುದು ಹೆಚ್ಚಾಗಿದೆ. ಈ ಪದರವು ಶಾಖವನ್ನು ದಾಟಗೊಡುವುದಿಲ್ಲ. ಬೆಂಡು ಎಷ್ಟು ಹಾಕಿದರೂ ನೀರು ಕಾಯಲೊಲ್ಲದು, ಅತ್ತ ಕೊಳವೆಯ ತಗಡು ಮಾತ್ರ ಕಾದು ಕಾದು ಸವೆಯುವುದು. ತಟ್ಟಿದಾಗ ನಾದ ಮಂದವಾಗಿದ್ದರೆ ಪದರ ಕಟ್ಟಿದೆಯೆಂದೇ ಅರ್ಥ. ಹುಣಸೆಹುಳಿಯ ನೀರನ್ನು ತುಂಬಿ, ಸಣ್ಣ ಉರಿಯಲ್ಲಿ ಕಾಯಿಸಿ, ರಾತ್ರಿಯಿಡೀ ಬಿಟ್ಟು, ಮರುದಿನ ತಿರುವಿ ಹಾಕಿ ಕುಲುಕುವುದೇ ಚಿಕಿತ್ಸೆ. ಬಿಳಿಯ ಚಕ್ಕೆಗಳು ಉದುರಿ ಬೀಳುವುದನ್ನು ನೋಡಲು ಮಕ್ಕಳು ಸುತ್ತ ಕೂಡುತ್ತಾರೆ. ಜಾಳಿಗೆಯಂತೂ ಪ್ರತಿವರ್ಷ ಒಂದೆರಡು ಸರಳುಗಳನ್ನು ಉರಿಗೆ ಆಹುತಿ ಕೊಡುತ್ತದೆ. ಸೈಕಲ್ಲಿನ ಹಳೆಯ ಕಡ್ಡಿಗಳನ್ನು ಹೆಣೆದು ಅದನ್ನು ತುಂಬುವ ಗೃಹಸ್ಥರು ಎಲ್ಲ ಊರಲ್ಲಿಯೂ ಇದ್ದಾರೆ.

ಅಡುಗೆಯ ಒಲೆಯ ದುರಸ್ತಿ ಇದಕ್ಕಿಂತ ಪುರಾತನವಾದುದು, ಮತ್ತು ಅದು ಸಂಪೂರ್ಣವಾಗಿ ಸ್ತ್ರೀಯರ ಅಧೀನದಲ್ಲಿರುವ ವಿದ್ಯೆ. ಬರಿಯ ಎರೆಮಣ್ಣಿನಲ್ಲಿ ಒಲೆ ನಿಲ್ಲದು. ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದು ಆ ಮಣ್ಣಿನ ಸ್ವಭಾವ. ಆದುದರಿಂದ ಎರೆಯ ಊರಿನವರು ಮಸಾರಿಯ ಕೆಮ್ಮಣ್ಣನ್ನೋ ಹುತ್ತದ ಮಣ್ಣನ್ನೋ ತರಿಸಿ, ಸಗಣಿ ಮತ್ತು ಸಣ್ಣ ಹೊಟ್ಟು ಬೆರೆಸಿ, ಕಾಲಿನಿಂದ ತುಳಿದು, ಒಂದು ರಾತ್ರಿ ನೆನೆಯಲು ಬಿಡುತ್ತಾರೆ. ಹಾನಗಲ್ಲಿನ ಕಡೆ ಭತ್ತದ ಗಿರಣಿಯಿಂದ ಬರುವ ಉಮಿಯೇ ಹೊಟ್ಟಿನ ಸ್ಥಾನವನ್ನು ಪಡೆದಿದೆ. ಕಟ್ಟಿದ ಒಲೆಯು ನೆರಳಲ್ಲಿ ಆರಬೇಕು. “ತಂಗಿ, ಒಲಿ ಇನ್ನಾ ಹಸಿ ಐತಿ, ಉರಿ ಕಾಣಸಬ್ಯಾಡ” ಎಂದು ಅತ್ತೆಯು ಸೊಸೆಗೆ ಹೇಳುವ ಮಾತಿನಲ್ಲಿ ಅಧಿಕಾರಕ್ಕಿಂತ ಅನುಭವ ಹೆಚ್ಚು. ಪಕ್ಕದ ಕೋಡೊಲೆಗೆ ಬೇರೆ ಉರಿಯಿಲ್ಲ. ಮುಖ್ಯ ಒಲೆಯ ಉಳಿದ ಜ್ವಾಲೆಯು ಒಳದಾರಿಯಿಂದ ಅಲ್ಲಿಗೆ ಹಾಯ್ದು ಹಾಲನ್ನೋ ಸಾರನ್ನೋ ಬೆಚ್ಚಗಿಡುತ್ತದೆ. ಆ ಒಳದಾರಿಯು ಬೂದಿಯಿಂದ ಮುಚ್ಚದಂತೆ, ಅಗಲವಾಗಿ ಉರಿಯನ್ನೆಲ್ಲ ಸೆಳೆಯದಂತೆ, ಸಾರಿಸುವಾಗಲೆಲ್ಲ ಎರಡು ಬೆರಳಿನಿಂದ ಸವರಿ ಅಳತೆಯನ್ನು ಕಾಯ್ದುಕೊಳ್ಳಬೇಕು. ಇಂತು ನಿತ್ಯವೂ ಸಾರಣೆಯಾಗುವ ಒಲೆಯನ್ನು ಪೂರ್ಣವಾಗಿ ಕಟ್ಟಿ ಮುಗಿಸಿದ ದಿನವೆಂಬುದೇ ಇಲ್ಲ. ಮಣ್ಣಿನ ಕಸುಬಿಗೆ ಈ ನಾಡಿನಲ್ಲಿ ಗೌರವವೂ ಉಂಟು. ಸರ್ವಜ್ಞನು ಕುಂಬಾರಗಿತ್ತಿಯ ಮಗನೆಂಬ ಪ್ರತೀತಿಯನ್ನು ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜನ ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ವಿದ್ವಾಂಸರು ಒಲೆಯ ಕಡೆ ದೃಷ್ಟಿ ಹರಿಸಿದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯುವ ಉದ್ದೇಶದಿಂದ ‘ಅಸ್ತ್ರ’ವೆಂಬ ವಿಭಾಗವು ಹುಟ್ಟಿತು, 1980ರ ದಶಕದಲ್ಲಿ ಅಲ್ಲಿಂದ ‘ಅಸ್ತ್ರ ಒಲೆ’ ಹೊರಟಿತು. ಒಂದರ ಹಿಂದೊಂದು ಮೂರು ಪಾತ್ರೆ, ಉರಿಗೂಡಿನಲ್ಲಿ ಜಾಳಿಗೆ, ಹೊಗೆಗೆ ಮೇಲ್ಛಾವಣಿಯನ್ನು ದಾಟಿದ ಕೊಳವೆ: ಅಳತೆಗಳನ್ನು ಪಾಲಿಸಿದರೆ ಸೌದೆಯ ಉಳಿತಾಯ ಪ್ರತ್ಯಕ್ಷ, ಕಣ್ಣುರಿಯ ನಿವಾರಣೆ ಅದಕ್ಕಿಂತ ಪ್ರತ್ಯಕ್ಷ. ಈ ಒಲೆಯ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಇದರ ಗುಣವೆಲ್ಲ ಅಳತೆಯಲ್ಲಿದೆ. ದಪ್ಪ ಕೊರಡು ಹಿಡಿಸಲೆಂದು ಬಾಯಿಯನ್ನು ಒಂದಿಷ್ಟು ಅಗಲಿಸಿದರೆ, ಅಥವಾ ಕೊಳವೆಯ ಮಸಿಯನ್ನು ತೆಗೆಯುವುದು ಮರೆತರೆ, ಒಲೆಯು ಮರಳಿ ಹೊಗೆಯುಗುಳುತ್ತದೆ. ನಮ್ಮ ಭಾಗದ ಜೋಳದ ರೊಟ್ಟಿಯನ್ನಾದರೋ ಹಂಚಿನಿಂದ ತೆಗೆದು, ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸಬೇಕು. ಅಗಲಬಾಯಿ ಇಲ್ಲದೆ ಅದು ಉಬ್ಬಲೊಲ್ಲದು. ತನ್ನ ಒಲೆಯನ್ನು ತಾನೇ ತಿದ್ದಿ ರೂಢಿಯಾದ ಕೈಗೆ, ತಿದ್ದಬಾರದ ಒಲೆಯೆಂದರೆ ಅರ್ಧ ಪರಕೀಯವೇ ಸರಿ.

ಅದೇ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತವರ ಸಂಗಡಿಗರ ದಹನಶಾಸ್ತ್ರದ ಪರಿಶ್ರಮದಿಂದ, ಬಿ.ಪಿ. ಕಂಪನಿಯ ಸಹಯೋಗದಲ್ಲಿ, 2006ರ ಸುಮಾರಿಗೆ ‘ಊರ್ಜಾ’ ಎಂಬ ಪೆಲೆಟ್ ಒಲೆ ಮಾರುಕಟ್ಟೆಗೆ ಬಂದಿತು. ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ ಮೊದಲಾದುವನ್ನು ಯಂತ್ರದಲ್ಲಿ ಒತ್ತಿ ಮಾಡಿದ ಬೆರಳುಗಾತ್ರದ ಗುಳಿಗೆಗಳೇ ಅದರ ಆಹಾರ. ಬ್ಯಾಟರಿಯಿಂದ ತಿರುಗುವ ಪುಟ್ಟ ಪಂಖವು ಗಾಳಿಯೂಡುತ್ತದೆ. ಮೇಲಿನಿಂದ ಹೊತ್ತಿಸಿದ ಗುಳಿಗೆಗಳು ಮೊದಲು ಅನಿಲವಾಗಿ, ಆ ಅನಿಲವು ಎರಡನೆಯ ಗಾಳಿಯಲ್ಲಿ ನಿರ್ಧೂಮವಾಗಿ ಉರಿಯುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾದುವು. ಅನಂತರ ಗುಳಿಗೆಯ ಬೆಲೆ ಏರಿತು. 2009ರಲ್ಲಿ ಕಂಪನಿ ಹಿಂದೆ ಸರಿದು ಉದ್ಯಮವು ಪುಣೆಯ ಬೇರೊಂದು ಸಂಸ್ಥೆಯ ಕೈಸೇರಿತು, ಮನೆಗಳಿಗಿಂತ ಉಪಾಹಾರಗೃಹಗಳಿಗೆ ಮಾರುವುದು ಮುಖ್ಯವಾಯಿತು. ವಿಜ್ಞಾನದಲ್ಲಿ ಲೋಪವಿರಲಿಲ್ಲ. ಹೊಲದಲ್ಲಿ ಸಿಪ್ಪೆ ರಾಶಿ ಬಿದ್ದಿದ್ದರೂ ಮನೆಯಾಕೆಯು ಗುಳಿಗೆಯನ್ನು ತಾನು ಮಾಡಿಕೊಳ್ಳಲಾರಳು, ಪಂಖ ನಿಂತರೆ ಬಿಚ್ಚಿ ನೋಡಲಾರಳು. ನನ್ನ ಎಣಿಕೆಯಲ್ಲಿ ತೊಡಕಿದ್ದುದು ಅಲ್ಲಿ.

1980ರ ದಶಕದಲ್ಲಿ ಇಂತಹ ಗುಳಿಗೆಯ ಒಲೆಗಳು ಮನೆ ಬೆಚ್ಚಗಿಡಲು ಅಮೆರಿಕದ ವಾಯವ್ಯ ಸೀಮೆಯಲ್ಲಿ ಪ್ರಚಾರಕ್ಕೆ ಬಂದುವು. ತಿರುಪುಸರಳು ಗುಳಿಗೆಯನ್ನು ತಾನೇ ಉರಿಗೆ ತಳ್ಳುತ್ತದೆ. ಹಿಮ ಬೀಳುವ ರಾತ್ರಿಯಲ್ಲಿ ಆ ಸರಳು ಸಿಕ್ಕಿಬಿದ್ದರೆ ಅಲ್ಲಿಯ ಗೃಹಸ್ಥರು ಸ್ಪ್ಯಾನರ್ ಹಿಡಿದು ಕುಳಿತುಕೊಳ್ಳುವರು. ಉರಿಪಾತ್ರೆಯಲ್ಲಿ ಗಟ್ಟಿಯಾದ ಬೂದಿಯನ್ನು ಕೆರೆಯುವುದಂತೂ ಅವರ ನಿತ್ಯಕರ್ಮ. ನಮ್ಮ ಬಂಬಿನೊಳಗೆ ಬೆಂಡು ತನ್ನ ಭಾರದಿಂದಲೇ ಇಳಿಯುವುದರಿಂದ ಆ ಒಂದು ಭಾಗದ ದುರಸ್ತಿಯಾದರೂ ನಮಗೆ ತಪ್ಪಿದೆ.

ಈಗ ಶಿಗ್ಗಾಂವಿಯಂತಹ ಊರುಗಳಲ್ಲಿಯೂ ಬಿಸಿಲುಕಾವಿನ ಹಾಗೂ ವಿದ್ಯುತ್ತಿನ ಹೀಟರುಗಳು ಬಂದಿವೆ, ಗ್ಯಾಸ್ ಎಲ್ಲೆಡೆಯೂ ಇದೆ. ಆದರೂ ಬೆಂಡು ಪುಕ್ಕಟೆ ದೊರೆಯುವವರೆಗೆ ಬಂಬು ಬಚ್ಚಲನ್ನು ಬಿಡುವ ಲಕ್ಷಣವಿಲ್ಲ. ಬದಲಾಗಿರುವುದು ಅದರ ಲೋಹ. ತಾಮ್ರದ ಹಳೆಯ ಬಂಬು ತೂಕಕ್ಕೆ ಒಳ್ಳೆಯ ಬೆಲೆ ತರುವುದರಿಂದ ಎಷ್ಟೋ ಮನೆಗಳಿಂದ ಗುಜರಿಗೆ ಹೋಗಿದೆ. ಅದನ್ನು ಉಳಿಸಿಕೊಂಡವರು ದೊಡ್ಡ ಬೆಸುಗೆಗಾಗಿ ಹುಬ್ಬಳ್ಳಿಯ ಕಂಚಗಾರ ಗಲ್ಲಿಯವರೆಗೂ ಹೊತ್ತೊಯ್ಯಲು ಹಿಂಜರಿಯುವುದಿಲ್ಲ. ಉಳಿದವರಿಗೆ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಯೇ ಗತಿ. ಅಲ್ಲಿಯ ಕೆಲಸಗಾರನು ಕಬ್ಬಿಣದ ದಪ್ಪ ತಗಡನ್ನು ಸುತ್ತಿ, ಮನೆ ಕಟ್ಟುವ ಸರಳಿನ ತುಂಡುಗಳಿಂದ ಜಾಳಿಗೆ ಕೂಡಿಸಿ, ಮಧ್ಯಾಹ್ನದೊಳಗೆ ಒಂದು ಬಂಬನ್ನು ಎತ್ತಿ ನಿಲ್ಲಿಸುತ್ತಾನೆ. ತಾಮ್ರದ ನಯ ಇದಕ್ಕಿಲ್ಲ, ನಾದವಂತೂ ಇಲ್ಲವೇ ಇಲ್ಲ. ಬೂದಿಯೂ ತೇವವೂ ಕೂಡುವ ಬುಡದಿಂದ ತುಕ್ಕು ಹಿಡಿಯುತ್ತದೆ. ಕೆಲವು ಚಳಿಗಾಲ ಕಳೆದು ಬುಡ ಸೋರಿದಾಗ ಅಷ್ಟನ್ನೇ ಕೊಯ್ದು ಹೊಸ ತಗಡು ಹಚ್ಚಿಸಿ, ಅದೇ ಸಂಜೆ ಮನೆಗೆ ತಂದು ನೀರು ತುಂಬುತ್ತಾರೆ.