ಕೊಟ್ಟು, ಹಾರೆ, ಮಮ್ಮಟ್ಟಿ

ನಮ್ಮ ಪುತ್ತೂರು ಕಡೆ ಮಣ್ಣು ಅಗೆಯುವ ಉಪಕರಣಕ್ಕೆ ತುಳುವಿನಲ್ಲಿ ‘ಕೊಟ್ಟು’ ಅನ್ನುತ್ತೇವೆ. ಧಣಿಗಳ ಮನೆಯಿಂದ ‘ಕೊಟ್ಟು ಪತೊಂದು ಬಲ’ (ಕೊಟ್ಟು ಹಿಡಿದುಕೊಂಡು ಬಾ) ಎಂಬ ಕರೆ ಬಂದರೆ ಆ ದಿನ ಕೂಲಿ ಉಂಟು ಅಂತ ಲೆಕ್ಕ. ಶಾಲೆಯಲ್ಲಿ ಚಿತ್ರ ನೋಡಿ ಹೆಸರು ಬರೆಯಲು ಹೇಳಿದಾಗ ನಾನು ‘ಕೊಟ್ಟು’ ಎಂದೇ ಬರೆದೆ. ಮಾಷ್ಟ್ರು ನಕ್ಕರು: ‘ಯಾರಿಗೆ ಎಂತ ಕೊಟ್ಟು ಮಾರಾಯ?’ ಸರಿಯುತ್ತರ ‘ಗುದ್ದಲಿ’. ಅಪ್ಪನ ಕೈ ದಡ್ಡುಗಟ್ಟಿಸಿದ್ದ ಪದ ಪುಸ್ತಕದ ಕನ್ನಡದಲ್ಲಿ ತಪ್ಪಾಯಿತು.

ಈ ‘ತಪ್ಪು’ ಪದಕ್ಕೆ ನೆಂಟರಿದ್ದಾರೆ. ಮಲಯಾಳದಲ್ಲಿ ಅದು ‘ಕೈಕೋಟ್ಟು’. ಕರಾವಳಿಯ ಕನ್ನಡದಲ್ಲಿ ಇದೇ ಉಪಕರಣ ‘ಹಾರೆ’. ಘಟ್ಟದ ಮೇಲೆ ಹಾರೆ ಅಂದರೆ ಉದ್ದದ ಕಬ್ಬಿಣದ ಸಲಾಕೆ. ತಮಿಳಿನ ‘ಕಡಪ್ಪಾರೈ’, ಮಲಯಾಳದ ‘ಪಾರ’ ಕೂಡ ಆ ಸಲಾಕೆಯೇ. ಯಾವುದು ಸರಿ ಎಂದು ತೀರ್ಮಾನಿಸುವ ಅಧಿಕಾರ ಅಗೆಯುವವರ ಬಳಿ ಎಂದೂ ಇರಲಿಲ್ಲ.

ಸುಳ್ಯ, ಕಡಬದ ರಬ್ಬರ್ ತೋಟಗಳಲ್ಲಿ ಇನ್ನೊಂದು ಹೆಸರು ಕೇಳುತ್ತದೆ: ‘ಮಮ್ಮಟ್ಟಿ’. ತಮಿಳಿನ ‘ಮಣ್‌ವೆಟ್ಟಿ’, ಅಂದರೆ ಮಣ್ಣು ಕಡಿಯುವುದು. ಬ್ರಿಟಿಷರ ಕಾಲದಲ್ಲಿ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಕೂಲಿಗಳಾಗಿ ಹೋದ ತಮಿಳರು, ಅವರಲ್ಲಿ ಬಹಳ ಮಂದಿ ದಲಿತರು, ಆ ಪದವನ್ನು ಹೊತ್ತೊಯ್ದರು. 1948ರ ಕಾಯ್ದೆ ಅವರನ್ನು ಪೌರತ್ವವಿಲ್ಲದವರನ್ನಾಗಿಸಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಲ್ಲಿ ಭಾರತ 5,25,000 ಮಂದಿಯನ್ನು ಸ್ವೀಕರಿಸಲು ಒಪ್ಪಿತು. ಹಾಗೆ ಬಂದವರಲ್ಲಿ ಕೆಲವರು ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಸೇರಿದರು. ಪದವೂ ಅವರ ಸಂಗಡ ಬಂತು.

ಮಮ್ಮಟ್ಟಿ ಇಂಗ್ಲಿಷಿಗೂ ಹೋಯಿತು. 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಅದು ‘ಮಮೂಟಿ’. ಕೆಲಸ ಮಾಡಿಸುವವರಿಗೆ ಉಪಕರಣದ ಲೆಕ್ಕ ಬೇಕಿತ್ತು, ಆದ್ದರಿಂದ ಅದರ ಹೆಸರು ಕಾಗದಕ್ಕೆ ಬಂತು. ಅದನ್ನು ಹಿಡಿದವರ ಕತೆ ಬೇರೆ. ಇಲ್ಲಿಗೆ ಮರಳಿದ ದಲಿತ ತಮಿಳರು ತಮ್ಮ ಜಾತಿಯ ಹೆಸರು ಪ್ರಮಾಣಪತ್ರದಲ್ಲಿ ಬರಲೆಂದು ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ಕಾಗದ ಇಲ್ಲದಿದ್ದರೆ ಮಕ್ಕಳಿಗೆ ಮೀಸಲಾತಿಯೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ.

ನಮ್ಮ ವಿಮರ್ಶಕರು ‘ದೇಸಿ’ ಪದಗಳ ಸೊಗಸು ವರ್ಣಿಸುವಾಗ ನನಗೆ ಇದು ನೆನಪಾಗುತ್ತದೆ. ಪದವನ್ನು ಮಾತ್ರ ಹೆಕ್ಕಿಕೊಂಡರೆ ಸಾಲದು. ಅದು ಯಾರ ಕೈಯಲ್ಲಿತ್ತು, ಯಾರ ನೆಲ ಅಗೆಯಿತು, ಸಂಜೆ ಆ ಕೈಗೆ ಎಷ್ಟು ಸಿಕ್ಕಿತು, ಇದನ್ನೂ ಬರೆದಿಡಬೇಕು. ಆಗ ಮಾಷ್ಟ್ರ ತಮಾಷೆಗೂ ಉತ್ತರ ಸಿಕ್ಕೀತು: ಯಾರು, ಯಾರಿಗೆ, ಎಂತ ಕೊಟ್ಟದ್ದು?