ಬೀಡಿ ಕಟ್ಟುವಾಕೆ ಯಾವ ಲೆಕ್ಕಕ್ಕೆ?

2020ರ ಜುಲೈಯಿಂದ 2021ರ ಜೂನ್‌ವರೆಗಿನ ಹನ್ನೆರಡು ತಿಂಗಳು ಕೊರೊನಾ ಕಾಲ. ಅಂಗಡಿಗಳು ಬಾಗಿಲು ಹಾಕಿದವು, ಊರು ಬಿಟ್ಟು ದುಡಿಯುತ್ತಿದ್ದವರು ಮನೆ ಸೇರಿದರು. ಆದರೆ ಕೇಂದ್ರ ಸರ್ಕಾರದ ಕಾರ್ಮಿಕ ಪಡೆ ಸಮೀಕ್ಷೆಯ ವಾರ್ಷಿಕ ವರದಿಯಲ್ಲಿ ಆ ವರ್ಷ ದೇಶದ ನಿರುದ್ಯೋಗ ಶೇ. 4.8ರಿಂದ 4.2ಕ್ಕೆ ಇಳಿದಿತ್ತು!

ಲೆಕ್ಕ ತಪ್ಪಿರಲಿಲ್ಲ. ಪೇಟೆಯ ಕೆಲಸ ಹೋದವರಲ್ಲಿ ಅನೇಕರು ಅಪ್ಪನ ಗದ್ದೆಗೆ, ಅಣ್ಣನ ತೋಟಕ್ಕೆ ಇಳಿದಿದ್ದರು. ಕೂಲಿ ಸಿಗದಿದ್ದರೂ ಸಮೀಕ್ಷೆಯ ಪ್ರಕಾರ ಅದು ಉದ್ಯೋಗವೇ. 2018-19ರಲ್ಲಿ ದುಡಿಯುವವರ ಪೈಕಿ ಶೇ. 42.5ರಷ್ಟು ಮಂದಿ ಕೃಷಿಯಲ್ಲಿದ್ದರೆ, 2020-21ರಲ್ಲಿ ಶೇ. 46.5ರಷ್ಟಾದರು. ಕೆಲಸವನ್ನು ಹುಡುಕುತ್ತಿರುವ, ಸಿಕ್ಕರೆ ಮಾಡಲು ಸಿದ್ಧರಿರುವವರಷ್ಟೇ ನಿರುದ್ಯೋಗಿಗಳು. ಸಮೀಕ್ಷೆಯ ಇನ್ನೊಂದು ಅಳತೆಯಾದ ವಾರದ ಲೆಕ್ಕದಲ್ಲಂತೂ ಏಳು ದಿನಗಳಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳು. ಈ ಒಂದು ಗಂಟೆಯ ಲೆಕ್ಕ ಜಗತ್ತಿನ ಹೆಚ್ಚಿನ ದೇಶಗಳಲ್ಲಿರುವ ಮಾನದಂಡ.

ಈ ಮಾನದಂಡವನ್ನು ದಕ್ಷಿಣ ಕನ್ನಡದ ಮೂಡುಬಿದಿರೆ ಪಕ್ಕದ ಪುತ್ತಿಗೆಗೆ ತಂದು ನೋಡಬೇಕು. ಪುತ್ತಿಗೆಯಿಂದ ಹಿಡಿದು ಬೆಳ್ತಂಗಡಿ, ಬಂಟ್ವಾಳದ ಒಳಊರುಗಳವರೆಗೆ ತಲೆಮಾರುಗಳಿಂದ ಹೆಂಗಸರ ಕೈಗೆ ಕಾಸು ತಂದದ್ದು ಬೀಡಿ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಮನೆಕೆಲಸದ ನಡುವೆ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟಿ ಒಪ್ಪಿಸಿದರೆ ಸಾವಿರಕ್ಕೆ ಇಷ್ಟು ಎಂದು ಮಜೂರಿ. ಮಕ್ಕಳ ಶಾಲೆಯ ಫೀಸು, ಸ್ವಸಹಾಯ ಸಂಘದ ಕಂತು ಎಲ್ಲವೂ ಇದರಿಂದಲೇ. ಬ್ರಾಂಚಿನವರು ಸಾವಿರದ ಬದಲು ಐನೂರು ಬೀಡಿಗಾಗುವಷ್ಟೇ ಎಲೆ ಕೊಟ್ಟರೆ ಬೀಡಿ ಕಟ್ಟುವಾಕೆಯ ಸಂಪಾದನೆ ಅರ್ಧಕ್ಕಿಳಿಯುತ್ತದೆ. ನಿರುದ್ಯೋಗದ ಅಂಕಿ ಮಾತ್ರ ಅಲುಗುವುದಿಲ್ಲ.

ಇನ್ನೂ ದೊಡ್ಡ ಸಿಕ್ಕು ಬೇರೆಯೇ ಇದೆ. ಬೇರೊಬ್ಬರು ಕೊಟ್ಟ ಕಚ್ಚಾಮಾಲಿನಿಂದ ಮನೆಯಲ್ಲಿ ಕೂತು ದುಡಿಯುವವರನ್ನು ಸಮೀಕ್ಷೆ ‘ಸ್ವಉದ್ಯೋಗಿ’ ಎಂದು ಬರೆದುಕೊಳ್ಳುತ್ತದೆ. ಕಾನೂನು ಹೇಳಿದ್ದೇ ಬೇರೆ. ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಸಾರಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಈ ಕಾಯ್ದೆಯನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1974ರಲ್ಲಿ ಅದನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ಹಕ್ಕೂ ಅವರಿಗುಂಟೆಂದು ಮುಂದೆ ಅದೇ ಕೋರ್ಟ್ ಒಪ್ಪಿತು. ಹೋರಾಡಿ ಪಡೆದ ನೌಕರಳೆಂಬ ಸ್ಥಾನ ಅಂಕಿಅಂಶದ ಪುಸ್ತಕದಲ್ಲಿ ಕಾಣೆಯಾಗುವುದು ಸಣ್ಣ ಅನ್ಯಾಯವಲ್ಲ.

ಇಷ್ಟು ತಿಳಿದ ಮೇಲೆ ಇತ್ತೀಚಿನ ಅಂಕಿಗಳನ್ನು ಓದುವ ಬಗೆ ಬದಲಾಗಬೇಕು. 2017-18ರಲ್ಲಿ ಶೇ. 6ರಷ್ಟಿದ್ದ ನಿರುದ್ಯೋಗ 2023-24ರ ಹೊತ್ತಿಗೆ ಶೇ. 3.2ಕ್ಕೆ ಇಳಿದಿದೆ. ಹದಿನೈದು ದಾಟಿದ ಮಹಿಳೆಯರಲ್ಲಿ ದುಡಿಮೆಯ ಪಡೆ ಸೇರಿದವರು ಶೇ. 23.3ರಿಂದ 41.7ಕ್ಕೇರಿದ್ದಾರೆ. ಸಂತೋಷವೇ. ಆದರೆ 2023-24ರಲ್ಲಿ ದುಡಿಯುವ ಹೆಂಗಸರ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರಾಗಿದ್ದರು. ತಿಂಗಳ ಸಂಬಳದ ಕೆಲಸ ಇದ್ದದ್ದು ದುಡಿಯುವ ಗಂಡು ಹೆಣ್ಣು ಸೇರಿ ಶೇ. 21.7ರಷ್ಟು ಮಂದಿಗೆ. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ. 10.2ರಷ್ಟಿತ್ತು. ಮೂಡುಬಿದಿರೆಯ ಕಾಲೇಜುಗಳಿಂದ ಪದವಿ ಹಿಡಿದು ಹೊರಬರುವ ಮಕ್ಕಳ ಮನೆಯವರಿಗೆ ಬೇಕಾದದ್ದು 3.2 ಅಲ್ಲ, ಈ ಅಂಕಿ.

ಹಾಗಾಗಿ ಆರ್ಥಿಕತೆಯ ಆರೋಗ್ಯ ತಿಳಿಯಲು ಒಂದೇ ಅಂಕಿ ಸಾಲದು. ಎಷ್ಟು ಜನ ದುಡಿಯುತ್ತಿದ್ದಾರೆ, ಎಷ್ಟು ಗಂಟೆ, ಎಷ್ಟು ಸಂಪಾದನೆ, ಯಾರ ಕೈಕೆಳಗೆ ಎಂಬ ಕೋಷ್ಟಕಗಳೂ ಅದೇ ವರದಿಯಲ್ಲಿವೆ. 2025ರ ಜನವರಿಯಿಂದ ಸಮೀಕ್ಷೆ ಹಿಗ್ಗಿದೆ. ತಿಂಗಳಿಗೊಮ್ಮೆ ಅಂಕಿ ಬರುತ್ತಿದೆ, ಮನೆಗಳನ್ನು ಆರಿಸುವಾಗ ಹೆಚ್ಚಿನ ಕಡೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿಯಲಾಗುತ್ತಿದೆ. ಸಮೀಕ್ಷೆಯವರು ಮನೆಗೆ ಬಂದಾಗ ‘ಇವಳು ಮನೆಯಲ್ಲೇ ಇರುವುದು’ ಎಂದು ಹೇಳಿ ಕಳಿಸಬೇಡಿ. ಕಟ್ಟಿದ ಬೀಡಿ, ಹೆಕ್ಕಿದ ಅಡಿಕೆ, ಕರೆದ ಹಾಲು ಎಲ್ಲವನ್ನೂ ಬರೆಸಿ.